ಕಣ್ಣಿಗೆ ಕಾಣದ ಧೂಳು, ಕಣ್ಣೀರು ತರಿಸುವ ಖರ್ಚು

ಮಳೆ ಬಿಟ್ಟು ಮಣ್ಣು ಒಣಗುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬದ ಗುಡ್ಡಗಳಲ್ಲಿ ಜೆಸಿಬಿ, ಹಿಟಾಚಿಗಳ ಸದ್ದು ಶುರುವಾಗುತ್ತದೆ. ತೋಟಕ್ಕೆ ತಟ್ಟು ಮಾಡಬೇಕು, ಮನೆಗೆ ಅಡಿಪಾಯ ತೋಡಬೇಕು, ರಸ್ತೆ ಕಡಿಯಬೇಕು. ಸಾಲ ಮಾಡಿ ಯಂತ್ರ ಕೊಂಡವರಿಗೆ ಇದೇ ದುಡಿಮೆಯ ಕಾಲ. ಆಗಲೇ ಯಂತ್ರದ ಕೈ ಸೋತು, ಎತ್ತಿದ ಬಕೆಟ್ ತಾನಾಗಿ ಕೆಳಗಿಳಿಯತೊಡಗಿದರೆ? ಕೆಲಸ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಈ ಕೈಗೆ ಬಲ ಕೊಡುವುದು ಎಣ್ಣೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಇಲ್ಲಿ ದುಡಿಯುವುದು ಅದೇ ನಿಯಮ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. 20 ಟನ್ನಿನ ಹಿಟಾಚಿಯ ಎಣ್ಣೆಯಲ್ಲಿ ಅದು 300 ಕಿಲೋ ದಾಟುತ್ತದೆ.

ಅಷ್ಟು ಒತ್ತಡದಲ್ಲೂ ಎಣ್ಣೆ ಸೋರಬಾರದೆಂದರೆ ಪಂಪಿನ ಪಿಸ್ಟನ್ನಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನುಗಳಷ್ಟು ಇರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. 40ಕ್ಕಿಂತ ಸಣ್ಣ ಕಣ ಬರಿಗಣ್ಣಿಗೆ ಕಾಣದು. ಸಂದಿನಲ್ಲಿ ಸಿಕ್ಕಿಕೊಳ್ಳುವುದು ಅಂಥವೇ. ಕೆಂಪು ಮುರಮಣ್ಣಿನ ಹುಡಿ ಮರಳು ಕಾಗದದಂತೆ ಲೋಹವನ್ನು ಉಜ್ಜುತ್ತದೆ. ಉದುರಿದ ಲೋಹದ ಚೂರು ಎಣ್ಣೆಯ ಜೊತೆ ಹರಿದು ಮುಂದಿನ ಭಾಗವನ್ನು ತಿನ್ನುತ್ತದೆ.

ಎರಡನೆಯ ಶತ್ರು ನೀರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸುಳ್ಯ–ಮಡಿಕೇರಿ ರಸ್ತೆ ಮುಚ್ಚಿಹೋದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಯಂತ್ರಗಳು ಮಳೆಯಲ್ಲೇ ದುಡಿಯಬೇಕಾಗುತ್ತದೆ. ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಯಾಗುತ್ತದೆ. ಯಂತ್ರ ನಿಲ್ಲಿಸಿ ಬಹಳ ಹೊತ್ತಾದರೂ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ತಿಳಿಯಬೇಕು.

ಧೂಳು ಒಳನುಗ್ಗಲು ಮೂರು ದಾರಿ: ಸಿಲಿಂಡರಿನ ದಂಡದ ಹರಿದ ಸೀಲು, ಟ್ಯಾಂಕು ಉಸಿರಾಡುವ ಬ್ರೀದರ್ ಮುಚ್ಚಳ ಮತ್ತು ಮನುಷ್ಯನ ಕೈ. ಹೋಸ್ ಒಡೆದಾಗ ಅವಸರದಲ್ಲಿ ಬಿಚ್ಚಿ, ಬಾಯಿ ತೆರೆದಿಟ್ಟು, ಧೂಳು ಹಿಡಿದ ಕ್ಯಾನಿನಿಂದ ಎಣ್ಣೆ ಸುರಿಯುವುದನ್ನು ಯಾರು ನೋಡಿಲ್ಲ?

ಪರಿಹಾರಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಮುಚ್ಚಳ ತೆರೆಯುವ ಮೊದಲು ಸುತ್ತ ಒರೆಸಬೇಕು. ಬಿಚ್ಚಿದ ಹೋಸಿನ ಬಾಯಿಗೆ ಕೂಡಲೇ ಮುಚ್ಚಳ ಹಾಕಬೇಕು. ಡ್ರಮ್ಮಿನ ಹೊಸ ಎಣ್ಣೆಯನ್ನೂ ಫಿಲ್ಟರ್ ಮೂಲಕವೇ ತುಂಬಬೇಕು. ಫಿಲ್ಟರನ್ನು ಕೈಪಿಡಿ ಹೇಳುವಷ್ಟು ಗಂಟೆಗಳಿಗೆ ತಪ್ಪದೆ ಬದಲಿಸಬೇಕು. ಇನ್ನೊಂದು ಮಾತು: ಹೋಸಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗಬಲ್ಲದು. ಗಾಯ ಸಣ್ಣದೆಂದು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮಗ ಆಪರೇಟರ್ ಆಗಲಿ ಎಂದು ಬಯಸುವ ಪೋಷಕರು ಇದನ್ನೂ ಕಲಿಸಲಿ. ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳಲ್ಲಿ ನೀರು ತುಂಬಿಸಿ, ಕೊಳವೆಯಿಂದ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದು ಮೆಲ್ಲನೆ ಏಳುತ್ತದೆ. ಈಗ ನೀರಿಗೆ ಅಂಗಳದ ಕೆಂಪು ಹುಡಿ ಒಂದು ಚಿಟಿಕೆ ಬೆರೆಸಿ, ಹತ್ತಿಪ್ಪತ್ತು ಸಲ ಒತ್ತಿ ನೋಡಿ. ಬೆರಳಿಗೆ ತಾಗುವ ಆ ಕರಕರವೇ ಯಂತ್ರದ ಸವೆತ.