ಷೋ ಆಮೇಲಾಗಲಿ, ಮೊದಲು ಟೇಪು ಉಳಿಯಲಿ

ಹಳೆಯ ಕಾಡುಪ್ರವಾಸದ ವಿಡಿಯೊ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸುವ ಹುಮ್ಮಸ್ಸು ಈಗ ಅನೇಕ ಮನೆಗಳಲ್ಲಿದೆ. ಅಟ್ಟದಿಂದ ಡಬ್ಬ ಇಳಿಸುತ್ತಾರೆ, ಸ್ಟುಡಿಯೊಗೆ ಕೊಡುತ್ತಾರೆ, ವಾರ ಬಿಟ್ಟು ಪೆನ್ ಡ್ರೈವ್ ಬರುತ್ತದೆ. ಅದರಲ್ಲಿ ಹತ್ತು ನಿಮಿಷದ ಷೋ: ಆನೆ, ಕಾಟಿ, ಅದೃಷ್ಟವಿದ್ದರೆ ಹುಲಿ, ಹಿನ್ನೆಲೆಗೊಂದು ಸಿನಿಮಾ ಹಾಡು, ಕೊನೆಗೆ ಹೊಳೆಯುವ ಅಕ್ಷರಗಳಲ್ಲಿ ಧನ್ಯವಾದ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಲುಸಾಲು ಮೆಚ್ಚುಗೆ ಬೀಳುತ್ತದೆ. ಕ್ಯಾಸೆಟ್ಟುಗಳು ಗುಜರಿಗೆ ಹೋಗುತ್ತವೆ. ನಮ್ಮ ಆತಂಕವಿರುವುದು ಈ ಕೊನೆಯ ಹಂತದ ಬಗ್ಗೆ.

ಟೇಪು ಹಾಳಾಗುತ್ತಿದೆ ಎಂಬ ಎಚ್ಚರಿಕೆ ಹೊಸದಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ '2025 ಗಡುವು' ಎಂದು ಹೆಸರಿಟ್ಟು ಒಂದು ವರದಿ ಹೊರಡಿಸಿತು. ಅಷ್ಟರೊಳಗೆ ಡಿಜಿಟಲ್ ಆಗದ ಟೇಪಿನ ಬಹುಪಾಲನ್ನು ಕಳೆದುಕೊಂಡಂತೆಯೇ ಎಂಬುದು ಅದರ ತಾತ್ಪರ್ಯ. 2019ರಲ್ಲಿ ಯುನೆಸ್ಕೊ ಕೂಡ ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಇದೇ ಗಂಟೆ ಬಾರಿಸಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಅಂದರೆ ಇವತ್ತು ಓಡುತ್ತಿರುವ ಪ್ರತಿ ವಿಸಿಆರ್ ಕೂಡ ಹಳೆಯದು, ಮತ್ತು ಅದಕ್ಕೆ ಹೊಸ ಹೆಡ್ ಸಿಗುವುದು ಇನ್ನೊಂದು ಹಳೆಯ ವಿಸಿಆರಿನ ಹೊಟ್ಟೆಯಿಂದಲೇ.

ಟೇಪಿನ ಕಷ್ಟ ಫಿಲ್ಮಿನ ಕಷ್ಟದಂತಲ್ಲ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಕಾಲದ ಒಂದು ಫಿಲ್ಮ್ ರೀಲು ಎಲ್ಲೋ ಸಿಕ್ಕಿತೆನ್ನಿ, ಯಂತ್ರವಿಲ್ಲದಿದ್ದರೂ ಕಿಟಕಿಯ ಬೆಳಕಿಗೆ ಹಿಡಿದರೆ ಆನೆ ಕಾಣುತ್ತದೆ. 1995ರ ವಿಎಚ್‌ಎಸ್ ಟೇಪನ್ನು ಹಾಗೆ ಹಿಡಿದರೆ ಕಾಣುವುದು ಕಂದು ಪಟ್ಟಿ ಮಾತ್ರ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತೀಯ ಪುಡಿ. ಅದರಲ್ಲಿ ಕೂದಲೆಳೆಗಿಂತ ಸಪೂರ, 0.049 ಮಿಲಿಮೀಟರ್ ಅಗಲದ ಓರೆ ಗೆರೆಗಳಾಗಿ ಚಿತ್ರ ಬರೆಯಲ್ಪಟ್ಟಿರುತ್ತದೆ. ಅದನ್ನು ಓದಬೇಕಾದರೆ ಸೆಕೆಂಡಿಗೆ 25 ಸುತ್ತು ತಿರುಗುವ ಹೆಡ್ಡಿನ ಡ್ರಮ್ ಬೇಕು, ಟೇಪು ಅದರ ಸುತ್ತ ಕರಾರುವಾಕ್ಕಾಗಿ ಹಾಯಬೇಕು. ತೇವ ಕುಡಿದ ಅಂಟು ವರ್ಷ ಕಳೆದಂತೆ ಸಡಿಲವಾಗಿ ಜಿಗುಟಾಗುತ್ತದೆ, ಪುಡಿ ಕಳಚಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದರ ಮೇಲೆ ಬೂಷ್ಟು ಬೇರೆ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಯಾವ ಯಂತ್ರಕ್ಕೂ ತುರುಕಬಾರದು. ಒಂದು ಬೂಷ್ಟು ಹಿಡಿದ ಕ್ಯಾಸೆಟ್ಟು ಹೆಡ್ಡನ್ನು ಕೆಡಿಸಿ, ಹಿಂದೆಯೇ ಬರುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಸೋಂಕು ಹಚ್ಚುತ್ತದೆ.

ಇಷ್ಟೇ ಆಗಿದ್ದರೆ 'ಬೇಗ ಮಾಡಿಸಿ' ಎಂದು ಹೇಳಿ ಮುಗಿಸಬಹುದಿತ್ತು. ನಾವು ಹೇಳಬೇಕಾದದ್ದು ಇನ್ನೊಂದಿದೆ: ಬೇಗ ಮಾಡಿಸುವ ಭರದಲ್ಲೇ ಹೆಚ್ಚು ನಷ್ಟವಾಗುತ್ತಿದೆ. ಷೋ ಮಾಡಿಸುವುದನ್ನೇ ಟೇಪು ಉಳಿಸುವುದೆಂದು ತಿಳಿದಿದ್ದೇವೆ. ಮೂರು ಗಂಟೆಯ ಟೇಪಿನಿಂದ ಹತ್ತು ನಿಮಿಷ ಆರಿಸುವವರು ಆರಿಸುವುದು ತಮ್ಮ ಇವತ್ತಿನ ಕಣ್ಣಿಗೆ ಚೆಂದ ಕಂಡದ್ದನ್ನು. ಉಳಿದ ಎರಡು ಗಂಟೆ ಐವತ್ತು ನಿಮಿಷದಲ್ಲಿ ಏನಿತ್ತು?

ರಣಹದ್ದುಗಳಿದ್ದವು. 1980ರ ದಶಕದಲ್ಲಿ, 90ರ ಆರಂಭದಲ್ಲಿ ಬಂಡೀಪುರಕ್ಕೋ ಕಬಿನಿಗೋ ಹೋದವರಿಗೆ ಸತ್ತ ಪ್ರಾಣಿಯ ಮೇಲೆ ಮುಗಿಬಿದ್ದ ಹದ್ದುಗಳು ಅಸಹ್ಯದ ದೃಶ್ಯ. ಕ್ಯಾಮೆರಾ ತಿರುಗಿಸುವಾಗ ಸಿಕ್ಕಿಬಿದ್ದದ್ದು. ಶೋಲೆ ಸಿನಿಮಾದ ಬಂಡೆಗಳನ್ನು ನೋಡಲೆಂದು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದವರ ಟೇಪಿನಲ್ಲೂ ಆಕಾಶದಲ್ಲಿ ಚುಕ್ಕಿಗಳಂತೆ ಅವು ಬಂದಿರಬಹುದು, ಯಾರೂ ಗಮನಿಸಿರಲಿಕ್ಕಿಲ್ಲ. ಆಮೇಲೆ ಏನಾಯಿತು ಎಂಬುದು ಲೋಕಕ್ಕೆ ಗೊತ್ತು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ 99ಕ್ಕೂ ಹೆಚ್ಚು ಕುಸಿಯಿತು. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೊಫೆನಾಕ್ ಅದಕ್ಕೆ ಕಾರಣವೆಂದು 2004ರಲ್ಲಿ ಸಾಬೀತಾಯಿತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಬಿತ್ತು. ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ, ಹಕ್ಕಿಗಳು ಬೆರಳೆಣಿಕೆಗೆ ಇಳಿದ ಮೇಲೆ. ಕುಸಿತಕ್ಕೆ ಮೊದಲು ಎಲ್ಲೆಲ್ಲಿ ಎಷ್ಟೆಷ್ಟಿದ್ದವು ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಚಲಿಸುವ ಚಿತ್ರದ ಸಾಕ್ಷಿ ಬೇಕೆಂದರೆ, ಅದು ಬಹುಶಃ ಇರುವುದು ಯಾರದೋ ಅಟ್ಟದ ಮೇಲೆ. ಷೋ ಮಾಡುವ ಹುಡುಗ ಮೊದಲು ಕತ್ತರಿಸುವುದು ಅದನ್ನೇ.

ನೆಲವೂ ಹಾಗೆಯೇ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಇಂದು ಲಂಟಾನ ದಟ್ಟವಾಗಿ ಹಬ್ಬಿದೆ; ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಅದರ ಬೆನ್ನಿಗೇ ಬಂದಿದೆ. ಮೂವತ್ತು ವರ್ಷದ ಹಿಂದೆ ಅದೇ ಜೀಪಿನ ದಾರಿಯ ಪಕ್ಕದಲ್ಲಿ ಹುಲ್ಲಿತ್ತೇ, ಬಿದಿರಿತ್ತೇ, ಕಣ್ಣು ಎಷ್ಟು ದೂರ ಹಾಯುತ್ತಿತ್ತು? ಒಂದೇ ಜಾಗದ ಹಳೆ-ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಬದಲಾವಣೆ ಅಳೆಯುವುದು ಪರಿಸರ ವಿಜ್ಞಾನದಲ್ಲಿ ಒಪ್ಪಿತವಾದ ಪದ್ಧತಿ. ಅದಕ್ಕೆ ಪ್ರಾಣಿಯೇ ಬೇಡ. ಜೀಪು ಕುಲುಕುತ್ತಾ ಸಾಗುವಾಗ ಕ್ಯಾಮೆರಾ ಆಫ್ ಮಾಡಲು ಮರೆತು ತೆಗೆದ ಐದು ನಿಮಿಷ ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದವರ ಟೇಪಿನಲ್ಲಿ ಹೆಜ್ಜಾರ್ಲೆಗಳಿಗಿಂತ ಹೆಚ್ಚಾಗಿ, ಅವು ಗೂಡು ಕಟ್ಟಿದ್ದ ಹುಣಿಸೆ ಮರಗಳು ಯಾವ ಮನೆಯ ಪಕ್ಕದಲ್ಲಿದ್ದವು ಎಂಬುದೇ ಇವತ್ತು ಬೆಲೆಯುಳ್ಳ ಮಾಹಿತಿ.

ಇನ್ನು ಸದ್ದು. ಷೋಗೆ ಹಾಡು ಹಾಕಿದ ಕೂಡಲೇ ಮೂಲದ ಧ್ವನಿ ಹೋಗುತ್ತದೆ. ಮುಸುವ ಕೊಟ್ಟ ಎಚ್ಚರಿಕೆಯ ಕೂಗು, ಜಿಂಕೆಯ ಕಿರುಚು, 'ಅಗೋ ಎಡಕ್ಕೆ ನೋಡಿ ಸಾರ್' ಎಂದ ವಾಚರಿನ ಪಿಸುಮಾತು, ಎಲ್ಲವೂ. ಹಾಡಿಗೆ ಹಕ್ಕುಸ್ವಾಮ್ಯ ಇರುವುದರಿಂದ ಯೂಟ್ಯೂಬಿಗೆ ಹಾಕಿದಾಗ ಅದನ್ನೂ ಮೂಕ ಮಾಡುವುದುಂಟು. ಕಡೆಗೆ ಕಾಡಿನ ದನಿಯೂ ಇಲ್ಲ, ಸಿನಿಮಾದ ದನಿಯೂ ಇಲ್ಲ.

ಚಿತ್ರದ ಲೆಕ್ಕವೂ ಇದಕ್ಕಿಂತ ಉತ್ತಮವಾಗಿಲ್ಲ. ನಮ್ಮ ಪಾಲ್ ಪದ್ಧತಿಯ ವಿಡಿಯೊ ಸೆಕೆಂಡಿಗೆ 50 ಅರ್ಧ ಚಿತ್ರಗಳನ್ನು ಹಿಡಿಯುತ್ತದೆ. ಅಗ್ಗದ ಯುಎಸ್‌ಬಿ ತುಂಡು ಸಿಕ್ಕಿಸಿ ಮಾಡುವ ಪರಿವರ್ತನೆಯಲ್ಲಿ ಹಲವು ಸಲ ಅದರ ಅರ್ಧವನ್ನು ಎಸೆದುಬಿಡುತ್ತಾರೆ. ಮಿಂಚುಳ್ಳಿಯ ರೆಕ್ಕೆಬಡಿತ ಅಲ್ಲಿಗೆ ತೊದಲುತ್ತದೆ. ಹಳೆಯ ಚೌಕಾಕಾರದ ಚಿತ್ರವನ್ನು ಇಂದಿನ ಅಗಲ ಟಿವಿಗೆ ಹೊಂದಿಸಲು ಎಳೆದು ಕಾಟಿಯನ್ನು ಆನೆ ಮಾಡುತ್ತಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿ ಆಕಾಶವನ್ನೂ ಹುಲ್ಲನ್ನೂ ತೆಗೆಯುತ್ತಾರೆ. ಅಕ್ಕಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ, ಕಣ್ಣಿಗೇನೂ ನೋವಾಗುವುದಿಲ್ಲ. ಮಿನಿ ಡಿವಿ ಟೇಪಿನ ಕಥೆ ಬೇರೆ. ಅದರಲ್ಲಿರುವುದು ಆಗಲೇ ಡಿಜಿಟಲ್ ಮಾಹಿತಿ; ಫೈರ್‌ವೈರ್ ತಂತಿಯಲ್ಲಿ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ, ಇದ್ದದ್ದು ಇದ್ದ ಹಾಗೆಯೇ ಬರುತ್ತದೆ, ಅನೇಕ ಕ್ಯಾಮೆರಾಗಳಲ್ಲಿ ತಾರೀಖು-ಗಂಟೆ ಸಹಿತ. ಹಳದಿ ಪಿನ್ನಿನ ತಂತಿಯಲ್ಲಿ ಇಳಿಸಿದರೆ ಆ ಅನುಕೂಲವೆಲ್ಲ ಮಣ್ಣುಪಾಲು. ಆದರೆ ಫೈರ್‌ವೈರ್ ಇರುವ ಕಂಪ್ಯೂಟರುಗಳೇ ಅಪರೂಪವಾಗಿವೆ. ಅದನ್ನು ಮೆರೆಸಿದ ಆ್ಯಪಲ್ ಕೂಡ 2025ರ ಮ್ಯಾಕ್ ತಂತ್ರಾಂಶದಲ್ಲಿ ಅದರ ಬೆಂಬಲ ಕೈಬಿಟ್ಟಿತು. ಅಮೆರಿಕದಲ್ಲಿರುವ ಮಗ ಬಂದಾಗ ತಂದ ಕ್ಯಾಮೆರಾದಲ್ಲಿ ತೆಗೆದ ಟೇಪು ಎನ್‌ಟಿಎಸ್‌ಸಿ ಪದ್ಧತಿಯದ್ದಾಗಿರುತ್ತದೆ, ನಮ್ಮ ಸಾಮಾನ್ಯ ವಿಸಿಆರಿನಲ್ಲಿ ಸರಿಯಾಗಿ ಓಡುವುದಿಲ್ಲ. 'ಟೇಪು ಸತ್ತಿದೆ' ಎಂದು ಸ್ಟುಡಿಯೊದವರು ಹಿಂತಿರುಗಿಸಿದ್ದರಲ್ಲಿ ಇಂಥ ಜೀವಂತ ಟೇಪುಗಳೂ ಇರುತ್ತವೆ.

ಈಗ ಹೊಸತೊಂದು ಅಪಾಯ ಸೇರಿದೆ, ಇದರ ಬಗ್ಗೆ ಯಾರೂ ಸಾಕಷ್ಟು ಗಟ್ಟಿಯಾಗಿ ಮಾತಾಡುತ್ತಿಲ್ಲ. ಮಸುಕಾದ ವಿಡಿಯೊವನ್ನು ಕೃತಕ ಬುದ್ಧಿಮತ್ತೆಯಿಂದ '4ಕೆ' ಮಾಡಿಕೊಡುತ್ತೇವೆ ಎನ್ನುವ ಆ್ಯಪುಗಳು. ವಿಎಚ್‌ಎಸ್ಸಿನ ಸಾಲಿನಲ್ಲಿ ಸುಮಾರು 240 ಗೆರೆಗಳಷ್ಟೇ ವಿವರ ಇರುತ್ತದೆ. ಅಲ್ಲಿ ಇಲ್ಲದ ವಿವರವನ್ನು ಯಂತ್ರ ಹುಡುಕಿ ತೆಗೆಯುವುದಿಲ್ಲ, ತಾನೇ ಊಹಿಸಿ ಬರೆಯುತ್ತದೆ. ಮದುವೆ ವಿಡಿಯೊದಲ್ಲಿ ಅತ್ತೆಯ ಸೀರೆಗೆ ಇಲ್ಲದ ಜರಿ ಬಂದರೆ ನಕ್ಕು ಬಿಡಬಹುದು. ಹುಲಿಯ ಪಕ್ಕೆಯ ಪಟ್ಟೆ ಹಾಗಲ್ಲ. ಎರಡು ಹುಲಿಗಳ ಪಟ್ಟೆ ಒಂದೇ ಆಗಿರುವುದಿಲ್ಲ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ್ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಒಂದೊಂದಾಗಿ ಗುರುತಿಸತೊಡಗಿದ್ದು ಈ ಪಟ್ಟೆಗಳ ಆಧಾರದ ಮೇಲೆಯೇ. ಅದೇ ವರ್ಷಗಳಲ್ಲಿ ಹತ್ತಿರದಿಂದ ತೆಗೆದ ಪ್ರವಾಸಿಯ ಟೇಪಿನಲ್ಲಿ ಅದೇ ಹುಲಿ ಇರಬಹುದು. ಆನೆಗಾದರೆ ದಂತದ ತಿರುವು, ಹರಿದ ಕಿವಿಯಂಚು. ಇವನ್ನು ಆ್ಯಪು 'ಸುಂದರ'ಗೊಳಿಸಿದ ಮೇಲೆ ಉಳಿಯುವುದು ಎಲ್ಲೂ ಇರದಿದ್ದ ಒಂದು ಹುಲಿ. ಹುಟ್ಟಿನಿಂದಲೇ ನಕಲಿಯಾದ ಕಾಡುಪ್ರಾಣಿ ವಿಡಿಯೊಗಳು ಮೊಬೈಲಿನಲ್ಲಿ ತುಂಬಿ ಹರಿಯುವ ಈ ಹೊತ್ತಿನಲ್ಲಿ, ಗೆರೆಗೆರೆ ಬಿದ್ದ, ಅಂಚು ಸುಕ್ಕಾದ ಅಸಲಿ ಟೇಪೇ ಹೆಚ್ಚು ನಂಬಿಕೆಗೆ ಅರ್ಹ. ಹೊಳಪು ಬೇಕಿದ್ದರೆ ಷೋದ ಪ್ರತಿಗೆ ಕೊಡಿ, ಮೂಲದ ಪ್ರತಿಯನ್ನು ಮುಟ್ಟಬೇಡಿ.

ಕ್ಯಾಮೆರಾ ಹಿಡಿದವರು ಪ್ರಾಣಿಗಳನ್ನಷ್ಟೇ ತೆಗೆಯಲಿಲ್ಲ. ದಾರಿಯಲ್ಲಿ ಸಿಕ್ಕ ಹಾಡಿಗಳನ್ನೂ, ಜೇನು ಕುರುಬರ, ಬೆಟ್ಟ ಕುರುಬರ ಮಕ್ಕಳನ್ನೂ ಕೇಳದೆಯೇ ತೆಗೆದರು. 1990ರ ದಶಕದ ಕೊನೆಯಿಂದ ನಾಗರಹೊಳೆಯ ಹಾಡಿಗಳ ಹಲವು ಕುಟುಂಬಗಳು ಹುಣಸೂರು ಬಳಿಯ ನಾಗಾಪುರಕ್ಕೆ ಸ್ಥಳಾಂತರಗೊಂಡವು. ಬಿಟ್ಟುಬಂದ ಜಾಗದ ಚಲಿಸುವ ಚಿತ್ರ ಅವರ ಹತ್ತಿರ ಇಲ್ಲ, ಬೆಂಗಳೂರಿನ ಯಾವುದೋ ಬೀರುವಿನಲ್ಲಿರಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಬಾವಿ, ಸ್ಮಶಾನ, ದೇವರ ಜಾಗಗಳನ್ನು ಹಕ್ಕಿನ ಸಾಕ್ಷಿಗಳಲ್ಲಿ ಎಣಿಸುತ್ತವೆ. 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ವಾಸವಿತ್ತೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆ. ತಾರೀಖು ಮೂಡಿದ 1994ರ ಟೇಪನ್ನು ಅಧಿಕಾರಿಗಳು ಒಪ್ಪುವರೋ ಬಿಡುವರೋ, ಅದು ಬೇರೆ ಮಾತು. ಆ ಹಾಡಿಗಳ ಹಿರಿಯರಿಗೆ ಒಂದು ಪ್ರತಿ ಸಲ್ಲಬೇಕು ಎಂಬುದರಲ್ಲಿ ವಾದವೇ ಇಲ್ಲ. ಹಂಚುವ ಮಾತು ಬಂದಾಗ ಮೊದಲ ಹೆಸರು ಅವರದ್ದಾಗಲಿ. ಹಾಗೆಯೇ ಎಲ್ಲರೆದುರು ತೆರೆದಿಡಬಾರದ್ದೂ ಇದೆ. ಕೆಲವು ಹದ್ದುಗಳು ದಶಕಗಟ್ಟಲೆ ಒಂದೇ ಬಂಡೆಗೆ ಮರಳುತ್ತವೆ. ಗೂಡಿನ ಜಾಗದ ಗುರುತು ಹೇಳುವ ದೃಶ್ಯವನ್ನು ಷೋದಿಂದ ಬಿಡಿ, ಸಂಗ್ರಹದಲ್ಲಿ ಇಡಿ.

ಡಿಜಿಟಲ್ ಆದರೆ ಶಾಶ್ವತ ಎಂಬ ನಂಬಿಕೆಗೂ ಒಂದು ಉತ್ತರ ಇದೆ. ಬ್ರಿಟನ್ನಿನ ವೈಲ್ಡ್‌ಸ್ಕ್ರೀನ್ ಸಂಸ್ಥೆ 2003ರಲ್ಲಿ ಆರ್ಕೈವ್ ಎಂಬ ಜಾಲತಾಣ ತೆರೆದು, ಅಳಿವಿನಂಚಿನ ಜೀವಿಗಳ ವಿಡಿಯೊ-ಚಿತ್ರಗಳನ್ನು ಲೋಕಕ್ಕೆ ಉಚಿತವಾಗಿ ತೋರಿಸಿತು. ಡೇವಿಡ್ ಅಟೆನ್‌ಬರೊ ಅವರಂಥವರ ಬೆಂಬಲವಿದ್ದ ಆ ತಾಣ, ದುಡ್ಡಿಲ್ಲದೆ 2019ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಅಂಥದ್ದಕ್ಕೇ ಆ ಗತಿಯಾದರೆ, ನಮ್ಮ ಒಂದು ಪೆನ್ ಡ್ರೈವನ್ನು ಏನೆಂದು ನಂಬುವುದು? 2000ದ ದಶಕದಲ್ಲಿ ಡಿವಿಡಿ ಮಾಡಿಸಿ ಕ್ಯಾಸೆಟ್ ಎಸೆದವರಲ್ಲಿ ಎಷ್ಟೋ ಮಂದಿಗೆ ಆ ಡಿವಿಡಿ ಈಗ ತೆರೆಯುವುದಿಲ್ಲ. ಎರಡು ಹಾರ್ಡ್ ಡಿಸ್ಕ್, ಒಂದು ಬೇರೆ ಊರಿನ ಮನೆಯಲ್ಲಿ; ವರ್ಷಕ್ಕೊಮ್ಮೆ ತೆರೆದು ನೋಡುವುದು. ಮೂಲ ಕ್ಯಾಸೆಟ್ಟನ್ನು ಎಸೆಯುವ ಯೋಚನೆಯೇ ಬೇಡ.

ಮನೆಮನೆಯ ಶ್ರದ್ಧೆಯೊಂದರಿಂದಲೇ ಇದು ಆಗುವ ಕೆಲಸವಲ್ಲ. ವೃತ್ತಿಪರ ಚಿತ್ರ ನಿರ್ಮಾಪಕರ ಟೇಪುಗಳಿಗೆ ಹೇಗೋ ಒಬ್ಬ ವಾರಸುದಾರ ಇರುತ್ತಾನೆ, ಹವ್ಯಾಸಿಗಳದ್ದಕ್ಕೆ ಇಲ್ಲ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಬೇಕು, ಇದರಲ್ಲಿ ಅಡ್ಡದಾರಿ ಇಲ್ಲ. ಅರಣ್ಯ ಇಲಾಖೆ ಪ್ರವಾಸಿಗರಿಂದ ಸಂಗ್ರಹಿಸುವ ಸಫಾರಿ ಹಣದಲ್ಲಿ ಒಂದು ಪಾಲು ಇಟ್ಟು ಮೈಸೂರಿನಲ್ಲೊಂದು ಕೋಣೆ ತೆರೆಯಲಿ; ಓಡುವ ಕೆಲವು ಯಂತ್ರಗಳು, ಅವನ್ನು ರಿಪೇರಿ ಮಾಡಬಲ್ಲ ಒಬ್ಬ ಹಳೆಯ ಟಿವಿ ಮೆಕ್ಯಾನಿಕ್, ಟೇಪು ನೋಡಿ ಬರೆದಿಡಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಪ್ರತಿಯ ಪಾಲನೆಯನ್ನು ರಾಜ್ಯ ಪತ್ರಾಗಾರ ವಹಿಸಿಕೊಳ್ಳಲಿ. ಇಲಾಖೆಯ ಹುಲಿ ಗಣತಿಗೆ ಹೋಲಿಸಿದರೆ ಇದರ ಖರ್ಚು ಲೆಕ್ಕಕ್ಕೇ ಬಾರದು. ಆದರೆ ಆ ಮೆಕ್ಯಾನಿಕ್ ಸಿಗುವುದು ಇನ್ನು ಸ್ವಲ್ಪ ಕಾಲ ಮಾತ್ರ. ಈ ಕೆಲಸ ಕಲಿತ ತಲೆಮಾರಿಗೆ ಈಗಾಗಲೇ ಅರವತ್ತು ದಾಟಿದೆ.

ಕೋಣೆ ತೆರೆಯುವವರೆಗೆ ಕಾಯಬೇಕಿಲ್ಲ. ಮೊದಲು ಅಷ್ಟೇನೂ ಮುಖ್ಯವಲ್ಲದ ಒಂದು ಕ್ಯಾಸೆಟ್ಟನ್ನು ಓಡಿಸಿ ಯಂತ್ರದ ಯೋಗ್ಯತೆ ನೋಡಿಕೊಳ್ಳಿ. ಮೊದಲಿನಿಂದ ಕೊನೆಯವರೆಗೆ, ಖಾಲಿ ಕಂಡ ಭಾಗವೂ ಸೇರಿ, ಏನೂ ಕತ್ತರಿಸದೆ ಇಳಿಸಿಕೊಡಿ ಎಂದು ಸ್ಟುಡಿಯೊದವರಿಗೆ ಬರೆದುಕೊಡಿ. ಟೇಪು ಓಡುತ್ತಿರುವಾಗ ಚಿತ್ರ ತೆಗೆದ ಅಪ್ಪನನ್ನೋ ಚಿಕ್ಕಮ್ಮನನ್ನೋ ಪಕ್ಕದಲ್ಲಿ ಕೂರಿಸಿ, ಮೊಬೈಲಿನಲ್ಲಿ ಅವರ ಮಾತು ಹಿಡಿಯಿರಿ: ಯಾವ ವರ್ಷ, ಯಾವ ತಿಂಗಳು, ಯಾವ ಗೇಟಿನಿಂದ ಒಳಹೋದದ್ದು, ಕೆರೆಯ ಹೆಸರೇನು, ಜೀಪು ಓಡಿಸಿದವರು ಯಾರು.