ವೇಗದ ಲೆಕ್ಕ, ಗಂಟೆಯ ಲೆಕ್ಕ

ಅಮೆರಿಕದ ಆಪಲ್ ಕಂಪನಿಯ ಹೊಸ ಕಂಪ್ಯೂಟರ್ ಅಂಗಡಿಗೆ ಬಂದ ಮರುದಿನವೇ, ಮುಂದಿನ ಮಾದರಿಯ ಭವಿಷ್ಯ ನುಡಿಯುವವರು ಪಂಚಾಂಗ ಬಿಚ್ಚಿ ಕೂರುತ್ತಾರೆ. ಅದು ಇದಕ್ಕಿಂತ ಎಷ್ಟು ಚುರುಕು, ಬೆಲೆ ಎಷ್ಟು ಎಂದು ಪತ್ರಿಕೆಗಳ ಪುಟಗಟ್ಟಲೆ ಊಹೆ ನಡೆಯುತ್ತದೆ. ಇದು ಉಳ್ಳವರ ಮಕ್ಕಳ ಆಟಿಕೆಯ ಸುದ್ದಿಯೆಂದು ಗಿರಣಿಯ ಬಂಧುಗಳು ಪುಟ ಮಗುಚಬಾರದೆಂದು ನಮ್ಮ ವಿನಂತಿ.

ವೇಗ ಹೆಚ್ಚಿರುವುದು ಸುಳ್ಳಲ್ಲ. 2020ರ ನವೆಂಬರ್ 10ರಂದು ಆಪಲ್ ಕಂಪನಿಯು ಇಂಟೆಲ್ ಚಿಪ್ಪಿನ ಬದಲಿಗೆ ತಾನೇ ರೂಪಿಸಿದ ಎಂ-1 ಚಿಪ್ಪನ್ನು ಪ್ರಕಟಿಸಿತು. ಅದರಲ್ಲಿ 1600 ಕೋಟಿ ಟ್ರಾನ್ಸಿಸ್ಟರುಗಳು; 2024ರ ಎಂ-4ರಲ್ಲಿ 2800 ಕೋಟಿ. ಮನುಷ್ಯನ ಬುದ್ಧಿಶ್ರಮದ ಈ ಸಾಧನೆಯನ್ನು ಹೀಗಳೆಯಲು ನಾವು ಯಂತ್ರದ ವೈರಿಗಳಲ್ಲ. ಆದರೆ 2022ರ ಎಂ-2 ಬಂದಾಗ ಕಂಪನಿ ಸ್ವತಃ ಹೇಳಿಕೊಂಡದ್ದು ಶೇಕಡಾ 18ರಷ್ಟು ಹೆಚ್ಚಿನ ವೇಗ. ಮುಂದಿನದೂ ಹೆಚ್ಚುಕಡಿಮೆ ಅಷ್ಟೇ ಏರೀತೆನ್ನಲು ಜ್ಯೋತಿಷಿಯೇನೂ ಬೇಡ.

ಭವಿಷ್ಯಕಾರರು ಒತ್ತಿ ಹೇಳದ ಸಂಗತಿ ಬೇರೆಯೇ ಇದೆ. ಎಂ-1 ಬಂದ ಮೇಲೆ ಮೆಮೊರಿಯನ್ನೂ ಚಿಪ್ಪಿನ ಜೊತೆಗೇ ಸೇರಿಸಿಬಿಟ್ಟಿದ್ದಾರೆ. ಕೊಂಡ ಮೇಲೆ ಪೇಟೆಯ ರಿಪೇರಿಯವನ ಹತ್ತಿರ ಹೋಗಿ ಹೆಚ್ಚು ಮೆಮೊರಿ ಹಾಕಿಸುವಂತಿಲ್ಲ. ಕೊಳ್ಳುವಾಗಲೇ 8 ಜಿ.ಬಿ.ಗೆ ಇನ್ನು 8 ಸೇರಿಸಬೇಕೆಂದರೆ ನಮ್ಮ ದೇಶದಲ್ಲಿ 20,000 ರೂಪಾಯಿ ತೆರಬೇಕಾಗಿತ್ತು. 2024ರ ಅಕ್ಟೋಬರಿನಲ್ಲಿ ಅದೇ ಕಂಪನಿ ಮ್ಯಾಕ್‌ಬುಕ್ ಏರ್ ಯಂತ್ರಕ್ಕೆ ಬೆಲೆ ಏರಿಸದೆ 16 ಜಿ.ಬಿ. ಕೊಟ್ಟಿತು. ಹಾಗಾದರೆ ಅಷ್ಟು ವರ್ಷ ವಸೂಲು ಮಾಡಿದ 20,000 ಯಾವ ಬಾಬ್ತಿಗೆ? ತಕ್ಕಡಿಯ ಕೆಳಗೆ ಮೇಣ ಅಂಟಿಸಿದ ಸಣ್ಣ ವರ್ತಕನಿಗೆ ಮಾತ್ರ ಇನ್‌ಸ್ಪೆಕ್ಟರ್ ಬರುತ್ತಾನೆ!

ಅಂಗಡಿಯ ಮಿತ್ರರಿಗೆ ಒಂದು ಮಾತು. ಜಿ.ಎಸ್.ಟಿ. ಬಿಲ್ಲು ಬರೆಯಲು, ಉದ್ರಿ ಲೆಕ್ಕ ಇಡಲು ಈ ಶೇಕಡಾ 18 ಬೇಕಾಗಿಲ್ಲ. ಮಗನೋ ಮಗಳೋ ಓದಿಗೆ ಬೇಕೆಂದು ಹಟ ಹಿಡಿದರೆ ಹಿಂದಿನ ವರ್ಷದ ಮಾದರಿಯ ಬೆಲೆ ಕೇಳಿ, ಮೆಮೊರಿ ಎಷ್ಟೆಂದು ಮೊದಲು ಕೇಳಿ.

ಇನ್ನು ಗಿರಣಿಯವರ ವಿಷಯ. ಎಂ-1 ಪ್ರಕಟವಾಗಿ ತಿಂಗಳು ಕಳೆದು ಎರಡೇ ದಿನಕ್ಕೆ, 2020ರ ಡಿಸೆಂಬರ್ 12ರಂದು, ಕೋಲಾರದ ನರಸಾಪುರದಲ್ಲಿ ಇದೇ ಆಪಲ್‌ನ ಫೋನುಗಳನ್ನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳಕ್ಕಾಗಿ ಕಾರ್ಮಿಕರ ಸಿಟ್ಟು ಸಿಡಿಯಿತು. ಗಾಜು ಒಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು; ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಆಮೇಲೆ ಆಪಲ್ ತಾನೇ ವಿಚಾರಿಸಿ ಒಪ್ಪಿಕೊಂಡದ್ದೇನು? ಕೆಲಸದ ಗಂಟೆಗಳ ಲೆಕ್ಕವನ್ನು ಅಲ್ಲಿ ಸರಿಯಾಗಿ ಇಟ್ಟಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರ ಸಂಬಳ ತಡವಾಯಿತು ಎಂದು! ವಿಸ್ಟ್ರಾನ್ ಕ್ಷಮೆ ಕೇಳಿತು. ಒಂದು ಸೆಕೆಂಡನ್ನು ಕೋಟಿ ಕೋಟಿ ತುಂಡು ಮಾಡಿ ಎಣಿಸುವ ಚಿಪ್ಪನ್ನು ಮಾರುವವರ ಮನೆಯಲ್ಲಿ, ಮನುಷ್ಯ ನಿಂತು ದುಡಿದ ಗಂಟೆಯನ್ನು ಎಣಿಸುವವರು ಇರಲಿಲ್ಲ.

ಗಂಟೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲವು ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ. ಗುತ್ತಿಗೆಯ ಹುಡುಗಿ ಒಪ್ಪುವುದಿಲ್ಲವೆಂದು ಬರೆದುಕೊಟ್ಟು ಮರುದಿನ ಕೆಲಸಕ್ಕೆ ಬರಬಲ್ಲಳೇ? ಇಲಾಖೆಯವರು ಹೇಳಲಿ. 1955ರಲ್ಲಿ ಕಾನ್ಪುರದ ಬಟ್ಟೆ ಗಿರಣಿಗಳವರು ರ‍್ಯಾಷನಲೈಸೇಷನ್ ವಿರುದ್ಧ ದೀರ್ಘ ಮುಷ್ಕರ ಹೂಡಿದ್ದೂ ಇಂಥದೇ ಪ್ರಶ್ನೆಗೆ: ಯಂತ್ರದ ವೇಗ ಏರಿದರೆ ದುಡಿಯುವವನ ಹೊರೆ ಇಳಿಯಬೇಕೋ, ಏರಬೇಕೋ?

ನರಸಾಪುರದ ಕಾರ್ಖಾನೆ 2023ರಲ್ಲಿ ಟಾಟಾಗಳಿಗೆ ಮಾರಾಟವಾಯಿತು. ಮಾಲೀಕರು ಯಾರೇ ಆಗಲಿ, ಪ್ರತಿಯೊಬ್ಬ ಗುತ್ತಿಗೆ ಕಾರ್ಮಿಕನ ಕೈಗೂ ತಿಂಗಳ ಹಾಜರಿ, ಓವರ್‌ಟೈಮ್ ಮತ್ತು ಕಡಿತದ ವಿವರವಿರುವ ಚೀಟಿ ಕನ್ನಡದಲ್ಲಿ ತಲುಪಬೇಕು, ಅದನ್ನು ಕಾರ್ಮಿಕ ಇಲಾಖೆ ಗೇಟಿನಲ್ಲೇ ನಿಂತು ತಪಾಸಣೆ ಮಾಡಬೇಕು ಎಂದು ನಾವು ಕೇಳುತ್ತೇವೆ. ಇದಕ್ಕೆ ಎಂ-1 ಕೂಡ ಬೇಕಿಲ್ಲ, ಒಂದು ರಿಜಿಸ್ಟರು ಸಾಕು.