ಹೇಗೂ ಬೀಳೋ ಹಲ್ಲಂತೆ!

"ಹೇಗೂ ಬೀಳೋ ಹಾಲುಹಲ್ಲು, ಅದಕ್ಯಾಕೆ ಡಾಕ್ಟ್ರು?" ಈ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಬೀಳೋದು ಯಾವಾಗ ಸ್ವಾಮಿ? ಮುಂದಿನವು 6-7ಕ್ಕೆ, ಸರಿ. ಹಿಂದಿನ ದವಡೆಹಲ್ಲು 10-12 ವರ್ಷದ ತನಕ ಅಗಿಯಬೇಕು. 4ಕ್ಕೇ ಹುಳುಕಾದ್ರೆ ಮಗು ಅಲ್ಲೀತನಕ ನೋವು ತಿನ್ಬೇಕಾ? ಕಿತ್ತುಹಾಕಿದ್ರೆ ಪಕ್ಕದ್ದು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟ ಬರಬಹುದು. ಆಮೇಲೆ ಕ್ಲಿಪ್ಪಿಗೆ ಸಾವಿರಾರು ಸುರೀತೀವಿ!

ಇನ್ನೊಂದು ಕೇಳಿ. 6ರ ಹೊತ್ತಿಗೆ ಎಲ್ಲದರ ಹಿಂದೆ ಒಂದು ದವಡೆಹಲ್ಲು ಬರುತ್ತೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ. ಅದು ಶಾಶ್ವತ ಹಲ್ಲು. ಅದನ್ನೂ ಹಾಲುಹಲ್ಲು ಅಂದ್ಕೊಂಡು ಹುಳುಕಿಗೆ ಬಿಟ್ಟುಬಿಡ್ತಾರೆ.

(ಬ್ರಶ್ ತುಂಬ ಪೇಸ್ಟು ಜಾಹೀರಾತಿನವರ ವ್ಯಾಪಾರ. 3ರೊಳಗೆ ಅಕ್ಕಿಕಾಳಷ್ಟು, 6ರ ತನಕ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು.)

ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಗು ಮಲಗಿಸೋರ ಜೊತೆ ಜಗಳಕ್ಕೆ ನಾನಂತೂ ರೆಡಿ.